ಪರದೆಯಾಚೆ ಹೋದ ಬುಟ್ಟಿ

ನೀಲಾಂಬಿಕಾ ಎರಡನೆಯ ಸಲವೂ ಫೇಲಾದಳು.

ಫಲಿತಾಂಶವನ್ನು ಯಾರೂ ಅವಳಿಗೆ ಹೇಳಲಿಲ್ಲ. ಮಂಚದ ಆ ಬದಿಗೆ ನಿಂತಿದ್ದ ಡಾಕ್ಟರ್ ಕಟ್ಟಿ ಈ ಬದಿಗೆ ನಿಂತಿದ್ದ ಅವಳ ಗಂಡ ಚನ್ನವೀರನಿಗೆ ಹೇಳಿದರು. ಮಾತು ಅವಳ ಮೇಲಿನಿಂದ ಹಾದುಹೋಯಿತು.

"ಈ ಸಲನೂ ಏನಿಲ್ರಿ. ಒಂದೆರಡು ಹಣ್ಣು ಸಿಕ್ಕಾವ, ಆದ್ರ ಅವು ಕಣ್ಣು ಮುಚ್ಚಿ ಕಲ್ಲು ಒಗದ್ರೂ ಬೀಳೂವಂಥವು. ಇನ್ನೊಂದು ಪರೀಕ್ಷೆ ಉಳದೈತಿ."

"ಅದೂ ಹಿಂಗ ಆದ್ರ?"

"ನಿಯಮ ನಿಮಗ ಗೊತ್ತಲ್ರಿ."

ನನಗೆ ಕೇಳಿಸುತ್ತಿದೆ, ಎಂದು ನೀಲಾಂಬಿಕಾ ಕಿರುಚಿದಳು. ಕಿರುಚಾಟ ಅವಳ ತಲೆಯಿಂದ ಹೊರಗೆ ಬರಲಿಲ್ಲ. ಗಂಟಲಿಗೆ ತೂತು ಮಾಡಿ ಇಳಿಸಿದ್ದ ಕೊಳವೆಯಲ್ಲಿ ಯಂತ್ರ ಗಾಳಿಯನ್ನು ತುಂಬಿತು, ತೆಗೆಯಿತು, ಮತ್ತೆ ತುಂಬಿತು.

ಅವಳು ಹುಬ್ಬಳ್ಳಿಯ ಒಂದು ಸರಕಾರಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಕೊನೆಯ ವರ್ಷದವರಿಗೆ ಆಟ ರಚನೆ ಅವಳ ವಿಷಯ. ಚೆಂಡು ಪುಟಿಯುವ, ಹಾವು ಹರಿಯುವ, ಹಣ್ಣು ಉದುರುವ ಸಣ್ಣಸಣ್ಣ ಆಟಗಳನ್ನು ಹುಡುಗರು ತಾವೇ ಬರೆದು ಪರದೆಯ ಮೇಲೆ ಆಡಿಸಬೇಕು. ಒಂದು ಬೆಳಿಗ್ಗೆ ಲ್ಯಾಬಿನಲ್ಲಿ ಒಬ್ಬ ಹುಡುಗನ ಹಿಂದೆ ನಿಂತು, "ಇಲ್ಲಿ ನೋಡು, ಈ ಸಾಲಿನ್ಯಾಗ" ಎನ್ನುವಷ್ಟರಲ್ಲಿ ಅವಳ ಕುತ್ತಿಗೆಯ ಹಿಂದೆ ಬಿಸಿನೀರು ಸುರಿದಂತಾಯಿತು. ಬಿದ್ದಳು. ಮೆದುಳಿನ ಬುಡದಲ್ಲಿ, ದೇಹಕ್ಕೆ ಆಜ್ಞೆಗಳೆಲ್ಲ ಇಳಿದುಹೋಗುವ ಬೆರಳಗಲದ ದಾರಿಯಲ್ಲಿ, ರಕ್ತ ಹೆಪ್ಪುಗಟ್ಟಿತ್ತು. ಮೇಲಿನ ಮೆದುಳು ಹಾಗೇ ಇತ್ತು. ನೆನಪು, ಲೆಕ್ಕ, ಸಿಟ್ಟು, ಹಸಿವು ಎಲ್ಲ ಇದ್ದವು. ಒಂದು ರೆಪ್ಪೆಯನ್ನು ಅಲುಗಿಸಲು ಮಾತ್ರ ಆಗುತ್ತಿರಲಿಲ್ಲ.

ಅಂಥವರಿಗಾಗಿಯೇ ಆಸ್ಪತ್ರೆಗಳಲ್ಲಿ ಇಂಗಿತ ಪಟ್ಟಿ ಬಂದಿತ್ತು. ಅದು ಹಣೆಗೆ ಕಟ್ಟುವ ಬಟ್ಟೆಯ ಪಟ್ಟಿ. ಮನುಷ್ಯ ಕೈ ಎತ್ತಬೇಕೆಂದುಕೊಂಡ ಕೂಡಲೇ, ಕೈ ಏಳುವ ಮೊದಲೇ, ಮೆದುಳಿನಲ್ಲಿ ಒಂದು ಅಲೆ ಏಳುತ್ತದೆ. ಎಡಗೈಗೆ ಒಂದು ಬಗೆ, ಬಲಗೈಗೆ ಇನ್ನೊಂದು. ಪಟ್ಟಿಯೊಳಗೆ ಹೊಲಿದ ತಂತುಗಳು ಆ ಅಲೆಯನ್ನು ಹಿಡಿದು ಕಂಪ್ಯೂಟರಿಗೆ ಎಡ, ಬಲ ಎಂದು ಹೇಳುತ್ತವೆ. ಅಷ್ಟೇ. ಅದನ್ನು ಕಂಡುಹಿಡಿದದ್ದು ಆಟಕ್ಕಾಗಿ. ಅಗ್ಗವಾದ ಮೇಲೆ ಕಾಲೇಜುಗಳಿಗೆ ಬಂತು, ಆಮೇಲೆ ಆಸ್ಪತ್ರೆಗಳಿಗೆ. ಉಸಿರಿನ ಯಂತ್ರಗಳು ಕಡಿಮೆ, ಅವಕ್ಕಾಗಿ ಕಾಯುವವರು ಹೆಚ್ಚು. ಹಾಗಾಗಿ ಸರಕಾರ ಅರಿವಿನ ಪರೀಕ್ಷೆ ಎಂಬ ಕಾನೂನು ಮಾಡಿತ್ತು. ಮೂರು ಸಲವೂ ಸೋತ ರೋಗಿಯನ್ನು ಅರಿವಿಲ್ಲದವರು ಎಂದು ಬರೆದು, ಯಂತ್ರವನ್ನು ಬಿಡಿಸಿ ಮುಂದಿನವರಿಗೆ ಕೊಡುತ್ತಿದ್ದರು.

ಪರೀಕ್ಷೆಯಲ್ಲಿ ಪರದೆಯ ಮೇಲೆ ಒಂದು ಮಾವಿನ ಮರ. ಮೇಲಿನ ಕೊಂಬೆಯಲ್ಲಿ ಒಂದು ಗಿಳಿ. ಎಡಕ್ಕೋ ಬಲಕ್ಕೋ ಹಣ್ಣು ಮೂಡುತ್ತದೆ, ಗಿಳಿಯನ್ನು ಮನಸ್ಸಿನಿಂದಲೇ ಅತ್ತ ಸರಿಸಬೇಕು. ಮಕ್ಕಳೂ ಆಡಬಹುದಾದ ಆಟ. ಆದರೆ ನೀಲಾಂಬಿಕಾಳ ಕಣ್ಣುಗುಡ್ಡೆಗಳು ಕೆಳಕ್ಕೆ ಹೊರಳಿ ಹಾಗೇ ನಿಂತುಬಿಟ್ಟಿದ್ದವು. ಅರೆತೆರೆದ ರೆಪ್ಪೆಯ ಕೆಳಗಿನಿಂದ ಅವಳಿಗೆ ಕಾಣುತ್ತಿದ್ದದ್ದು ಪರದೆಯ ಕೆಳಗಿನ ಒಂದು ಪಟ್ಟಿ. ಅಲ್ಲಿ ಹುಲ್ಲು ಇತ್ತು. ಎರಡು ಪರೀಕ್ಷೆಗಳಲ್ಲೂ ಅವಳು ಬರೀ ಹುಲ್ಲು ನೋಡಿದ್ದಳು. ಗಿಳಿ ಇದೆಯೆಂಬುದೂ ಅವಳಿಗೆ ಡಾಕ್ಟರರ ಮಾತಿನಿಂದಲೇ ಗೊತ್ತಾಗಿದ್ದು.

ತಾನು ಯಾಕೆ ಸೋಲುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ದಾರಿಯಿರಲಿಲ್ಲ.

ಹಗಲೆಲ್ಲ ಗೋಡೆಯ ಟಿವಿ ಒದರುತ್ತಿತ್ತು. ಒಂದು ನೊಣ ಬಂದು ಅವಳ ಮೇಲ್ದುಟಿಯ ಮೇಲೆ ಕೂತು, ತನಗೆ ಬೇಕಾದಷ್ಟು ಹೊತ್ತು ಇದ್ದು, ಹೋಗುತ್ತಿತ್ತು. ಸಂಜೆ ಚನ್ನವೀರ ಬರುತ್ತಿದ್ದ. ಅವನು ನಗರದ ನೀರು ಸರಬರಾಜಿನ ನಿಯಂತ್ರಣ ಕೊಠಡಿಯಲ್ಲಿ ಕೆಲಸಕ್ಕಿದ್ದ. ಯಾವ ಓಣಿಗೆ ಯಾವಾಗ ನೀರು ಬಿಡಬೇಕೆಂದು ನೋಡುವವನು. ಹಾಸಿಗೆಯ ಪಕ್ಕ ಕೂತು ಅವತ್ತಿನ ಸುದ್ದಿ ಒಪ್ಪಿಸುತ್ತಿದ್ದ. "ಇವತ್ತು ಪೈಪ್ ಒಡದಿತ್ತು ನೋಡ. ಮಂದಿ ಫೋನ್ ಮ್ಯಾಲ ಫೋನ್. ಬೈಸಿಕೊಂಡೆ." ಮೊದಮೊದಲು ಅವನು ಅವಳ ಮುಖ ನೋಡಿ ಮಾತಾಡುತ್ತಿದ್ದ. ಈಚೆಗೆ ಯಂತ್ರದ ಕಡೆ ನೋಡುತ್ತ ಮಾತಾಡುತ್ತಿದ್ದ.

* * *

ಎರಡನೆಯ ಪರೀಕ್ಷೆಯ ಮರುದಿನ ಚನ್ನವೀರ ಕಾಲೇಜಿಗೆ ಹೋದ. ಹೆಂಡತಿಯ ಲ್ಯಾಬನ್ನು ಅವನು ಒಳಗಿನಿಂದ ನೋಡಿರಲಿಲ್ಲ. ಬಾಗಿಲಲ್ಲಿ ನಿಂತವನು ಹೊಸ್ತಿಲು ದಾಟಲಿಲ್ಲ. ಸಾಲಾಗಿ ಕೂತ ಹುಡುಗ ಹುಡುಗಿಯರು ಹಣೆಗೆ ಪಟ್ಟಿ ಕಟ್ಟಿಕೊಂಡು ಕೈಗಳನ್ನು ತೊಡೆಯ ಮೇಲಿಟ್ಟು ಮಿಸುಕದೆ ಕೂತಿದ್ದರು. ಅವರ ಮುಂದಿನ ಪರದೆಗಳಲ್ಲಿ ಚೆಂಡುಗಳು ಪುಟಿಯುತ್ತಿದ್ದವು, ಕಾರುಗಳು ಓಡುತ್ತಿದ್ದವು.

ಮೇಡಂ ಇಲ್ಲದ ಮೇಲೆ ಅವರಿಗೆ ಬೇರೆ ಶಿಕ್ಷಕರು ಬಂದಿರಲಿಲ್ಲ. ಇದ್ದಬದ್ದದ್ದನ್ನು ಮುಗಿಸಿ, ಹೊರಗಿನ ಯಾರಾದರೊಬ್ಬರ ಕೈಯಲ್ಲಿ ಆಡಿಸಿ ತಂದು ಒಪ್ಪಿಸಿ ಎಂದು ಪ್ರಾಂಶುಪಾಲರು ಹೇಳಿದ್ದರು. ಒಬ್ಬರ ಆಟವೂ ಪೂರ್ತಿ ಆಗಿರಲಿಲ್ಲ.

"ನಿಮ್ಮ ಮೇಡಂಗ ಇನ್ನೊಂದು ಪರೀಕ್ಷೆ ಐತಿ," ಎಂದ ಚನ್ನವೀರ. "ನಿಮ್ಮೊಳಗ ಯಾರರ ಒಬ್ಬರು ಬಂದು ಆಕಿಗೆ ಸ್ವಲ್ಪ ರೂಢಿ ಮಾಡಸ್ರೆಪಾ. ಯಾವ ಪರೀಕ್ಷೆ ಆದ್ರೂ ಓದಿಕೊಂಡು ಹೋಗಬೇಕಲ್ಲ?"

ಹುಡುಗರು ಪರದೆಗಳತ್ತ ತಿರುಗಿದರು. ಮೇಡಂ ಬಿದ್ದದ್ದನ್ನು ಅವರೆಲ್ಲ ಕಣ್ಣಾರೆ ಕಂಡಿದ್ದರು. ಕೊನೆಗೆ ಹಿಂದಿನ ಸಾಲಿನಿಂದ ಶಾಕಿರಾ ನದಾಫ ಎದ್ದಳು. ತರಗತಿಯಲ್ಲಿ ಜಾಣೆಯೇನಲ್ಲ. ಒಳಪರೀಕ್ಷೆಯಲ್ಲಿ ನೀಲಾಂಬಿಕಾ ಅವಳಿಗೆ ಕೊಟ್ಟ ಅಂಕವನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ.

"ನಂದು ಟೊಮ್ಯಾಟೊ ಹಿಡಿಯೋ ಆಟ ಐತ್ರಿ. ಭಾಳ ಸಾದಾ. ಮೇಡಂಗ ಸೇರೂದಿಲ್ಲೇನೊ."

"ಸಾದಾನೇ ಬೇಕವ್ವ," ಎಂದ ಚನ್ನವೀರ.

* * *

ಶಾಕಿರಾ ಪಟ್ಟಿಯನ್ನು ಎರಡು ಸಲ ಬಿಚ್ಚಿ ಕಟ್ಟಿದ್ದು ನೀಲಾಂಬಿಕಾಳ ಹಣೆಗೆ ಗೊತ್ತಾಯಿತು. ಹುಡುಗಿ ಲ್ಯಾಪ್‌ಟಾಪನ್ನು ಊಟದ ಮಣೆಯ ಮೇಲಿಟ್ಟು ಹಾಸಿಗೆಗೆ ಅಡ್ಡಲಾಗಿ ತಂದಳು.

"ಮೇಡಂ, ಮ್ಯಾಲಿಂದ ಟೊಮ್ಯಾಟೊ ಬೀಳ್ತಾವರಿ. ಕೆಳಗ ಬುಟ್ಟಿ ಐತಿ. ಎಡ ಬಲ ಸರಸಬೇಕ್ರಿ." ಆಮೇಲೆ ಸಣ್ಣ ದನಿಯಲ್ಲಿ, "ತಪ್ಪು ಇದ್ರ ಸಿಟ್ಟಿಗೇಳಬ್ಯಾಡ್ರಿ."

ಆಟ ಶುರುವಾಯಿತು. ನೀಲಾಂಬಿಕಾಳಿಗೆ ಕಾಣುವ ಪರದೆಯ ಕೆಳಪಟ್ಟಿಯಲ್ಲಿ ಹುಲ್ಲಿರಲಿಲ್ಲ. ಅಲ್ಲಿ ಒಂದು ಕಂದು ಬುಟ್ಟಿ ಇತ್ತು.

ಬಲಗೈ ಎತ್ತಬೇಕೆಂದುಕೊಂಡಳು. ಬುಟ್ಟಿ ಬಲಕ್ಕೆ ಸರಿಯಿತು.

ಅವಳು ಬಿದ್ದಂದಿನಿಂದ ಜಗತ್ತಿನಲ್ಲಿ ಅವಳು ಅಲುಗಿಸಿದ ಮೊದಲ ವಸ್ತು ಅದು. ಅಳು ಬಂತು, ಅಳಲು ಕಣ್ಣೂ ಗಂಟಲೂ ಅವಳ ಮಾತು ಕೇಳುತ್ತಿರಲಿಲ್ಲ. ಇನ್ನಷ್ಟು ಬಲಕ್ಕೆ ಒತ್ತಿದಳು. ಬುಟ್ಟಿ ಓಡಿತು. ಖುಷಿಯಲ್ಲಿ ಇನ್ನೂ ಒತ್ತಿದಳು. ಬುಟ್ಟಿ ಪರದೆಯ ಬಲ ಅಂಚನ್ನು ದಾಟಿ ಹೊರಗೆ ಹೋಗಿಬಿಟ್ಟಿತು. ಖಾಲಿ ನೆಲದ ಮೇಲೆ ಟೊಮ್ಯಾಟೊಗಳು ಬೀಳತೊಡಗಿದವು.

ಅಂಚಿನಲ್ಲಿ ನಿಲ್ಲು ಎಂದು ಹುಡುಗಿ ಬರೆದಿಲ್ಲ. ನೀಲಾಂಬಿಕಾಳಿಗೆ ಕೂಡಲೇ ತಿಳಿಯಿತು. ಪ್ರತಿ ವರ್ಷ ಅರ್ಧ ತರಗತಿ ಮಾಡುವ ತಪ್ಪು. ಬುಟ್ಟಿ ಸತ್ತಿಲ್ಲ. ಎಲ್ಲೋ ಹೊರಗೆ, ಯಾರಿಗೂ ಕಾಣದಲ್ಲಿ, ಇದೆ. ಅವಳು ಎಡಗೈಯನ್ನು ನೆನೆಸಿಕೊಂಡು ಹಿಂದಕ್ಕೆ ಎಳೆಯತೊಡಗಿದಳು. ಎಷ್ಟು ದೂರ ಹೋಗಿತ್ತೋ ಅಷ್ಟು ದೂರ ವಾಪಸು ಬರಬೇಕು. ಎಳೆದಳು. ಏನೂ ಕಾಣಲಿಲ್ಲ. ಇನ್ನೂ ಎಳೆದಳು.

"ಏನಾತು?" ಎಂದ ಚನ್ನವೀರ.

"ಹೊರಗ ಹೋತ್ರಿ. ಪಟ್ಟಿ ಸುಮ್ಮನ ಕಟ್ಟಿದ್ರೂ ಒಮ್ಮೊಮ್ಮೆ ಹಂಗ ಒಂದ ಕಡೆ ಜಾರ್ತೈತಿ."

"ಅಂದ್ರ ಆಕಿ ಮಾಡಿದ್ದಲ್ಲ?"

ಬುಟ್ಟಿಯ ತುದಿ ಬಲ ಅಂಚಿನಲ್ಲಿ ಇಣುಕುವುದಕ್ಕೆ ಒಂದು ಉಸಿರು ಮೊದಲು ಶಾಕಿರಾ ಕೈ ಚಾಚಿ ಆಟವನ್ನು ಮುಚ್ಚಿದಳು.

* * *

ಶಾಕಿರಾಳ ಮನೆಯಲ್ಲಿ ಗಾದಿ ಹೊಲಿಯುವ ಕೆಲಸ. ಅವಳ ತಾಯಿ ಹಾಜರಾಬಿ ನೆಲದ ಮೇಲೆ ಹರಡಿದ ಗಾದಿಗೆ ಉದ್ದ ಸೂಜಿಯಿಂದ ಟಾಕಿ ಹಾಕುತ್ತಿದ್ದಳು. ಗಾಳಿಯಲ್ಲಿ ಅರಳೆಯ ಎಳೆಗಳು ತೇಲುತ್ತಿದ್ದವು. ಶಾಕಿರಾ ಗೋಡೆಗೊರಗಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು.

"ಹೆಂಗ ಅದಾರ ನಿಮ್ಮ ಮೇಡಂ?"

"ಇದ್ದಂಗ ಅದಾರ ಅಮ್ಮಿ. ನನ್ನ ಆಟದಾಗ ಬುಟ್ಟಿನೂ ನಿಲ್ಲವಲ್ದು. ಅವರ ಗಂಡನ ಮುಂದ ಮಾನ ಹೋತು."

"ಹಂಗಾದ್ರ ನಾಳೆ ಹೋಗಬ್ಯಾಡ."

ಶಾಕಿರಾಳಿಗೂ ಹೋಗುವ ಮನಸ್ಸಿರಲಿಲ್ಲ. ಆ ಅರೆತೆರೆದ ಕಣ್ಣುಗಳ ಮುಂದೆ ಕೂತರೆ ಉಸಿರು ಕಟ್ಟುತ್ತಿತ್ತು. ಆದರೆ ಬುಟ್ಟಿ ಅಪ್ಪಣೆ ಇಲ್ಲದೆ ಹೊರಗೆ ಹೋದದ್ದು ಅವಳನ್ನು ಕೊರೆಯುತ್ತಿತ್ತು. ಬುಟ್ಟಿಯ ಜಾಗ ಪರದೆಯ ಅಗಲಕ್ಕಿಂತ ಹೆಚ್ಚಾದರೆ ಅಲ್ಲೇ ನಿಲ್ಲು ಎಂದು ಒಂದು ಸಾಲು ಸೇರಿಸಿದಳು. ಬಾಣದ ಗುಂಡಿ ಒತ್ತಿ ನೋಡಿದಳು. ಬುಟ್ಟಿ ಬಲ ಗೋಡೆಗೆ ಬಡಿದು ನಿಂತಿತು. ಸಮಾಧಾನವಾಯಿತು.

ಮರುದಿನ ಮತ್ತೆ ಪಟ್ಟಿ ಕಟ್ಟಿದಳು.

ನೀಲಾಂಬಿಕಾ ಬುಟ್ಟಿಯನ್ನು ನೇರವಾಗಿ ಬಲ ಅಂಚಿಗೆ ಒಯ್ದಳು. ನಿಂತಿತು. ಸರಿ, ತಿದ್ದಿದ್ದಾಳೆ. ಇನ್ನು ಎಡಕ್ಕೆ. ಎಡ ಅಂಚು ಬಂತು. ಬುಟ್ಟಿ ದಾಟಿಹೋಯಿತು. ಈ ಸಲ ಅವಳು ಜಾಗರೂಕಳಾಗಿದ್ದಳು. ಸ್ವಲ್ಪವೇ ಹೊರಗೆ ಬಿಟ್ಟು ಹಿಂದಕ್ಕೆಳೆದಳು. ಅರ್ಧ ಒಳಗೆ, ಅರ್ಧ ಹೊರಗೆ ನಿಲ್ಲಿಸಿದಳು. ಕಾದಳು. ಮತ್ತೆ ಹೊರಗೆ, ಮತ್ತೆ ಅರ್ಧ ಒಳಗೆ. ಹಿಡಿದು ನಿಲ್ಲಿಸುವುದು ಸರಿಸುವುದಕ್ಕಿಂತ ಕಷ್ಟವಾಗಿತ್ತು. ಸುರಿಯುವ ಟೊಮ್ಯಾಟೊಗಳತ್ತ ಅವಳು ಲಕ್ಷ್ಯವನ್ನೇ ಕೊಡಲಿಲ್ಲ.

"ಒಂದೂ ಹಿಡೀವಲ್ದು," ಎಂದ ಚನ್ನವೀರ ಬೇಸರದಿಂದ.

ಶಾಕಿರಾ ಪರದೆಯನ್ನೇ ನೋಡುತ್ತಿದ್ದಳು. ಬುಟ್ಟಿ ಎಡ ಅಂಚಿನಲ್ಲಿ ಹೋಗುತ್ತಿತ್ತು, ಬರುತ್ತಿತ್ತು, ಅರ್ಧಕ್ಕೆ ನಿಲ್ಲುತ್ತಿತ್ತು. ಅದೇ ಜಾಗ. ಲ್ಯಾಬಿನಲ್ಲಿ ಮೇಡಂ ಹಿಂದೆ ಬಂದು ನಿಂತು, ಬಾಯಿಬಿಟ್ಟು ಹೇಳದೆ, ತಪ್ಪಾದ ಸಾಲಿನ ಮೇಲೆ ಪೆನ್ನಿನ ಹಿಂಬದಿಯಿಂದ ಟಕ್ ಟಕ್ ಎಂದು ಬಡಿಯುವುದು ಆಕೆಗೆ ನೆನಪಾಯಿತು.

"ಎಡಗಡೆ ಬರೀಲಿಲ್ಲ ನಾನು," ಎಂದಳು. "ಬಲಗಡೆ ಅಷ್ಟ ಬರದೆ. ಎಡಗಡೆ ಮರತೆ."

"ಏನವ್ವ?"

"ಮೇಡಂ ನನಗ ತಪ್ಪು ತೋರಸಾಕತ್ತಾರ್ರಿ!"

ಅಲ್ಲೇ, ಮಣೆಯ ಮೇಲೆಯೇ, ಆ ಒಂದು ಸಾಲನ್ನು ಹೊಡೆದು ಆಟವನ್ನು ಮತ್ತೆ ಶುರುಮಾಡಿದಳು. ಬುಟ್ಟಿ ಎಡಕ್ಕೆ ಹೋಯಿತು, ಬಡಿದು ನಿಂತಿತು. ಬಲಕ್ಕೆ ಹೋಯಿತು, ಬಡಿದು ನಿಂತಿತು. ಆಮೇಲೆ ನಿಧಾನವಾಗಿ ನಡುವಿಗೆ ಬಂದು ಸುಮ್ಮನಾಯಿತು.

ಚನ್ನವೀರ ಹೆಂಡತಿಯ ಮುಖದ ಹತ್ತಿರ ಬಾಗಿದ. "ನೀಲಾ," ಎಂದ. "ನೀ ಒಳಗ ಅದೀಯೇನ?"

"ತಡೀರಿ, ಹಂಗ ಕೇಳಬ್ಯಾಡ್ರಿ," ಎಂದು ಶಾಕಿರಾ ಕಣ್ಣೊರೆಸಿಕೊಂಡಳು. "ಮೇಡಂ, ಹೌದು ಅಂದ್ರ ಎಡಕ್ಕ, ಇಲ್ಲ ಅಂದ್ರ ಬಲಕ್ಕ. ಈಗ ಕೇಳ್ರಿ."

ಅವನು ಬಾಯಿ ತೆರೆದ. ಮಾತು ಹೊರಡುವ ಮೊದಲೇ ಬುಟ್ಟಿ ಎಡಕ್ಕೆ ಹೋಯಿತು.

* * *

ಡಾಕ್ಟರ್ ಕಟ್ಟಿ ಬಂದು ನೋಡಿದರು. ತುಂಬ ಹೊತ್ತು ನೋಡಿದರು. ಕೆಟ್ಟ ಮನುಷ್ಯರಲ್ಲ.

"ನನಗ ನಂಬಿಕಿ ಬರಾಕತ್ತೈತಿ," ಎಂದರು. "ಆದ್ರ ಈ ಹುಡುಗಿ ಆಟ ಕಾನೂನಿಗೆ ನಡಿಯೂದಿಲ್ರಿ. ಗಿಳಿ ಪರೀಕ್ಷೆದಾಗ ಪಾಸಾಗಬೇಕು. ಇಲ್ಲಿ ಆಡೂವರು ಅಲ್ಲಿ ಯಾಕ ಆಡವಲ್ರು?"

ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಶಾಕಿರಾಳದಾಯಿತು. ಒಂದೊಂದೇ ಕೇಳುತ್ತ ಹೋದಳು. ಪರೀಕ್ಷೆಯಲ್ಲಿ ಏನು ಮಾಡಬೇಕೆಂದು ತಿಳಿದಿತ್ತೇ? ಹೌದು. ಪಟ್ಟಿ ಸಡಿಲವಾಗಿತ್ತೇ? ಇಲ್ಲ. ಗಿಳಿ ಹೇಳಿದಂತೆ ಕೇಳುತ್ತಿರಲಿಲ್ಲವೇ? ಬುಟ್ಟಿ ನಡುವೆಯೇ ನಿಂತಿತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

"ದಣದಾಳೇನೊ," ಎಂದ ಚನ್ನವೀರ.

ದಣಿದಿಲ್ಲ, ದಣಿದಿಲ್ಲ, ಎಂದು ನೀಲಾಂಬಿಕಾ ಒಳಗೇ ಹಲ್ಲು ಕಚ್ಚಿದಳು. ಕಾಣದ ಗಿಳಿ ಕೇಳಿತೋ ಇಲ್ಲವೋ ನಾನು ಹೇಗೆ ಹೇಳಲಿ? ಕೇಳು, ಸರಿಯಾಗಿ ಕೇಳು ಹುಡುಗಿ. ನನ್ನ ಹತ್ತಿರ ಎರಡೇ ಮಾತಿವೆ.

ಶಾಕಿರಾ ಎದ್ದು ಕಿಟಕಿಯ ತನಕ ಹೋಗಿ ಬಂದಳು. "ಮೇಡಂ, ಗಿಳಿ ಕಾಣತಿತ್ತೇನ್ರಿ?"

ಬುಟ್ಟಿ ಬಲಗೋಡೆಗೆ ಹೋಗಿ ಬಡಿಯಿತು.

ಆಮೇಲೆ ಬೇಗ ಬೇಗ ಆಯಿತು. ಶಾಕಿರಾ ಪರದೆಯನ್ನು ಎರಡು ಭಾಗ ಮಾಡಿ ಕೇಳಿದಳು. ಮೇಲಿನರ್ಧ ಕಾಣುತ್ತದೆಯೇ? ಇಲ್ಲ. ಕೆಳಗಿನರ್ಧ? ಹೌದು. ಅದನ್ನೂ ಎರಡು ಮಾಡಿದಳು. ಕೊನೆಗೆ ಉಳಿದ ಪಟ್ಟಿ ಆಕೆಯ ಅಂಗೈಯಷ್ಟು ಅಗಲವಿತ್ತು.

"ಇಷ್ಟ?" ಎಂದು ಡಾಕ್ಟರ್ ಕಟ್ಟಿ ಕುರ್ಚಿಯಲ್ಲಿ ಕೂತುಬಿಟ್ಟರು. "ಎರಡು ಪರೀಕ್ಷೆ ಹುಲ್ಲು ನೋಡಿಕೋತ ಮಲಗಿದ್ರು?"

"ಪರದೆ ಕೆಳಗ ಇಳಸ್ರಿ ಮತ್ತ," ಎಂದ ಚನ್ನವೀರ.

"ಇಳಸಾಕ ಬರೂದಿಲ್ರಿ. ಅದರ ಚೌಕಟ್ಟು ಗ್ವಾಡಿಗೆ ಬಿಗದಾರ. ಸರಿಸಿದ್ರ ಯಂತ್ರ ತಾನ ಪರೀಕ್ಷೆ ರದ್ದು ಮಾಡ್ತೈತಿ. ಯಾರೂ ಮೋಸ ಮಾಡಬಾರದಂತ ಹಂಗ ಮಾಡ್ಯಾರ."

"ಮೇಡಂ ತಲಿ ಸರಸಬೌದೇನ್ರಿ?" ಎಂದಳು ಶಾಕಿರಾ. "ಹಿಂದಕ್ಕ ಬಾಗಿಸಿದ್ರ ಕಣ್ಣು ಮ್ಯಾಲ ಬರ್ತಾವಲ್ಲ."

ಡಾಕ್ಟರ್ ಯೋಚಿಸಿದರು. ತಲೆಯ ಬಗ್ಗೆ ನಿಯಮದಲ್ಲಿ ಏನೂ ಇರಲಿಲ್ಲ. ಆದರೆ ತಲೆ ಹಿಂದಕ್ಕೆ ಬಾಗಿದರೆ ಗಂಟಲಿನ ಕೊಳವೆ ಜಗ್ಗುತ್ತದೆ, ಉಸಿರು ಕಡಿಮೆಯಾಗುತ್ತದೆ. ಉಸಿರಿನ ಮಟ್ಟ ಕೆಂಪು ಗೆರೆಗೆ ಇಳಿದರೆ ತಾವು ನಿಲ್ಲಿಸಲೇಬೇಕು. ನಿಲ್ಲಿಸಿದರೆ ಅದು ಸೋಲೆಂದೇ ಲೆಕ್ಕ. ಇದನ್ನೆಲ್ಲ ಅವರು ಈ ಸಲ ಚನ್ನವೀರನಿಗೆ ಹೇಳಲಿಲ್ಲ. ಬಾಗಿ ನೀಲಾಂಬಿಕಾಳಿಗೇ ಹೇಳಿದರು. "ಒಪ್ಪಿಗಿ ಐತೇನ್ರಿ ಮೇಡಂ?"

ಬುಟ್ಟಿ ಎಡಕ್ಕೆ ಹೋಯಿತು.

* * *

ಪರೀಕ್ಷೆಯ ದಿನ ನರ್ಸ್ ಗ್ರೇಸಿ ದಿಂಬನ್ನು ತೆಗೆದು, ಸುತ್ತಿದ ಚಾದರವನ್ನು ನೀಲಾಂಬಿಕಾಳ ಹೆಗಲ ಕೆಳಗೆ ತುರುಕಿದಳು. ತಲೆ ಹಿಂದಕ್ಕೆ ಇಳಿಯಿತು. ಹುಲ್ಲು ಕೆಳಕ್ಕೆ ಸರಿಯಿತು, ಕಾಂಡ ಕಂಡಿತು, ಕೊಂಬೆ ಕಂಡಿತು. ಹಸಿರು ಗಿಳಿ, ಕೆಂಪು ಕೊಕ್ಕು. ಅಷ್ಟು ಸುಂದರವಾದ ಹಕ್ಕಿಯನ್ನು ಅವಳು ಎಂದೂ ನೋಡಿರಲಿಲ್ಲ ಎನಿಸಿತು.

ಕೊಳವೆ ಗಂಟಲನ್ನು ಒಳಗಿನಿಂದ ಒತ್ತಿತು. ಕೆಮ್ಮು ಬರಬೇಕಾಗಿತ್ತು, ಬರಲಿಲ್ಲ. ಯಂತ್ರ ತುಂಬುವ ಗಾಳಿ ಅರ್ಧವೇ ತಲುಪಿತು.

ಎಡಕ್ಕೆ ಹಣ್ಣು ಮೂಡಿತು. ಗಿಳಿ ಹೋಯಿತು, ಕುಕ್ಕಿತು. ಬಲಕ್ಕೆ. ಮತ್ತೆ ಬಲಕ್ಕೆ. ಎಡಕ್ಕೆ. ಎದೆಯೊಳಗೆ ಯಾರೋ ಕೂತಂತೆ ಭಾರವಾಗತೊಡಗಿತು. ಪಕ್ಕದ ಯಂತ್ರ ಕೂಗತೊಡಗಿತು.

"ಇಳಿಯಾಕತ್ತೈತಿ, ಸರ್," ಎಂದಳು ಗ್ರೇಸಿ.

"ಕೆಂಪು ಗೆರಿ ಮುಟ್ಟಿಲ್ಲ," ಎಂದರು ಡಾಕ್ಟರ್. "ಇನ್ನೂ ಮುಟ್ಟಿಲ್ಲ."

ಕೊಂಬೆಯ ತುದಿಗಳು ಕಪ್ಪಾಗುತ್ತ ಬಂದವು. ಹಣ್ಣು ಮೂಡಿದಲ್ಲಿ ಗಿಳಿಯನ್ನು ಒಯ್ಯುವುದಷ್ಟೇ ಅವಳಿಗೆ ಉಳಿದದ್ದು. ಬಾಗಿಲ ಹೊರಗೆ ಚನ್ನವೀರ ದೇವರ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದದ್ದು ಕೇಳಿಸಿತು, ಆಮೇಲೆ ಅದೂ ಕೇಳಿಸದಾಯಿತು. ಎಡ. ಬಲ. ಎಡ. ಒಂದು ಹಣ್ಣು ತಪ್ಪಿತು. ಬಲ.

ತಲೆಯನ್ನು ಯಾರೋ ಎತ್ತಿದರು. ಗಾಳಿ ಪೂರ್ತಿ ಒಳಗೆ ನುಗ್ಗಿತು.

"ಮುಗೀತ್ರಿ ಮೇಡಂ," ಎಂದರು ಡಾಕ್ಟರ್ ಕಟ್ಟಿ, ಅವಳ ಕಿವಿಯ ಹತ್ತಿರ. "ಒಂದ ತಪ್ಪೈತಿ. ಪಾಸ್."

* * *

ಉಸಿರಿನ ಯಂತ್ರದೊಂದಿಗೇ ಅವಳು ನವನಗರದ ಮನೆಗೆ ಬಂದಳು. ಮುಂದಿನ ಕೋಣೆಯಲ್ಲಿ, ಟಿವಿಯ ಎದುರು, ಮಂಚ ಹಾಕಿದರು. ಶಾಕಿರಾ ಮತ್ತು ಅವಳ ತರಗತಿಯವರು ಸೇರಿ ಟೊಮ್ಯಾಟೊ ಆಟವನ್ನು ಅಕ್ಷರದ ಆಟ ಮಾಡಿದ್ದರು. ಪರದೆಯ ಕೆಳಪಟ್ಟಿಯಲ್ಲಿ ಅಕ್ಷರಗಳು ನಿಧಾನವಾಗಿ ಇಳಿಯುತ್ತವೆ, ಬೇಕಾದ್ದನ್ನು ಬುಟ್ಟಿಯಲ್ಲಿ ಹಿಡಿಯಬೇಕು. ಮೊದಲು ಅಕ್ಷರ, ಆಮೇಲೆ ಅದರ ಕಾಗುಣಿತ. ಒತ್ತಕ್ಷರ ಬಂದರೆ ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

ಮಾತು ಮರಳಿ ಬಂದಾಗ ಅವಳು ದೊಡ್ಡದೇನನ್ನೋ ಹೇಳುತ್ತಾಳೆಂದು ಚನ್ನವೀರ ಕೈ ಜೋಡಿಸಿಕೊಂಡು ಕೂತಿದ್ದ. ಅವಳು ಹೇಳಿದ್ದು, ಟಿವಿ ಬಂದ್ ಮಾಡು. ಅವನು ನಕ್ಕ, ನಗುತ್ತಲೇ ಬಿಕ್ಕಿದ.

ಸುದ್ದಿ ಹಬ್ಬಿತು. ಬಂಧುಗಳು ಬಂದರು, ಕಾಲೇಜಿನವರು ಬಂದರು, ಕ್ಯಾಮೆರಾ ಹಿಡಿದವರು ಬಂದರು, ಬೇರೆ ಊರಿನ ಡಾಕ್ಟರುಗಳು ಬಂದರು. "ಮೇಡಂ, ಇವರಿಗೊಂದು ಹೌದು ತೋರಸ್ರಿ." ತೋರಿಸುತ್ತಿದ್ದಳು. "ನಾ ಯಾರು ಗುರ್ತು ಸಿಕ್ಕಿತೇನು?" ಎಂದು ಅತ್ತೆಯ ತವರಿನವರು ಕೇಳಿದರೆ ಹೌದು ಎನ್ನುತ್ತಿದ್ದಳು. ದಣಿದಾಗ ಬುಟ್ಟಿಯನ್ನು ಸುಮ್ಮನೆ ನಿಲ್ಲಿಸಿದರೆ, "ಪಟ್ಟಿ ಸರಿಯಾಗಿ ಕಟ್ಟಿಲ್ಲೇನೊ" ಎಂದು ಮತ್ತೆ ಬಿಗಿಯುತ್ತಿದ್ದರು. ಬೇರೆಯವರು ಕಟ್ಟಿದಾಗ ಅವಳ ಆಟ ಶುರು, ಬೇರೆಯವರು ಬಿಚ್ಚಿದಾಗ ಮುಗಿಯಿತು. ಆಸ್ಪತ್ರೆಯಲ್ಲಿ ಯಾರಿಗೂ ಕಾಣದೆ ಬಂದಿಯಾಗಿದ್ದಳು. ಇಲ್ಲಿ ಎಲ್ಲರ ಕಣ್ಣೆದುರು.

ಒಂದು ಮಧ್ಯಾಹ್ನ ಶಾಕಿರಾ ಒಬ್ಬಳೇ ಇದ್ದಾಗ ನೀಲಾಂಬಿಕಾ ಅಕ್ಷರಗಳನ್ನು ಕೂಡಿಸಿದಳು. ಮುಗಿಸುವ ಗುಂಡಿ ಎಲ್ಲಿ.

ಶಾಕಿರಾ ನಾಲಗೆ ಕಚ್ಚಿಕೊಂಡಳು. "ಇಟ್ಟ ಇಲ್ರಿ."

ಆಡುವವಳು ನಾನು. ನನಗೆ ಬೇಕು.

ಇಬ್ಬರೂ 'ಸಾಕು' ಎಂಬ ಶಬ್ದವನ್ನು ಒಪ್ಪಿಕೊಂಡರು. ಬುಟ್ಟಿಯನ್ನು ಬಲ ಮೂಲೆಯಲ್ಲಿ ತುಸು ಹೊತ್ತು ಹಿಡಿದು ನಿಲ್ಲಿಸಿದರೆ ಪರದೆಯ ಮೇಲೆ ಸಾಕು ಎಂದು ಮೂಡಿ ಆಟ ಮುಚ್ಚಿಕೊಳ್ಳಬೇಕು. ಆದರೆ ಸಂಜೆ ಚನ್ನವೀರ ಇದನ್ನು ಕೇಳಿ ಬಾಗಿಲಲ್ಲೇ ನಿಂತುಬಿಟ್ಟ.

"ಆ ಶಬ್ದ ಬ್ಯಾಡ," ಎಂದ ಶಾಕಿರಾಳಿಗೆ, ದನಿ ತಗ್ಗಿಸಿ. "ಆಕಿ ಸಾಕು ಅಂದ್ರ ನಾ ಏನಂತ ತಿಳಕೊಳ್ಳಲಿ? ಏನು ಸಾಕು? ನನ್ನ ಕೈಲೆ ಅದು ಓದಾಕ ಆಗೂದಿಲ್ಲ. ಹಾಕಬ್ಯಾಡವ್ವ, ನಿನ್ನ ಕೈ ಮುಗೀತೀನಿ."

ನೀಲಾಂಬಿಕಾಳಿಗೆ ಎಲ್ಲ ಕೇಳಿಸಿತು. ಮರುದಿನ ಪಟ್ಟಿ ಕಟ್ಟಿದಾಗ ಅವಳು ಬುಟ್ಟಿಯನ್ನು ಅಲುಗಿಸಲಿಲ್ಲ. ಅದರ ಮರುದಿನವೂ ಇಲ್ಲ. ಡಾಕ್ಟರ್ ಕಟ್ಟಿ ಮನೆಗೇ ಬಂದು ಪರೀಕ್ಷಿಸಿದರು. ಮತ್ತೆ ರಕ್ತ ಹೆಪ್ಪುಗಟ್ಟಿತೇ ಎಂದು ಹೆದರಿದರು. ಹಾಗೇನೂ ಆಗಿರಲಿಲ್ಲ. ಅವಳಿಗಿದ್ದ ಮಾತೆಲ್ಲ ಬುಟ್ಟಿಯಲ್ಲಿತ್ತು. ಅದನ್ನು ಆಡದೇ ಇರುವುದೊಂದೇ ಈಗ ಅವಳ ಕೈಲಿತ್ತು.

ಚನ್ನವೀರ ಕೆಲಸಕ್ಕೆ ರಜೆ ಹಾಕಿ ಅವಳ ಪಕ್ಕ ಕೂತ. ನೀರಿನ ಸುದ್ದಿ ಏನೂ ಹೇಳಲಿಲ್ಲ. ಹಣೆಗೆ ಅಂಟಿದ ಕೂದಲನ್ನು ಸರಿಸಿದ. "ನನಗ ಅಂಜಿಕಿ, ನೀಲಾ," ಎಂದ. "ನಿನಗ ಹೋಗೂ ದಾರಿ ಕೊಟ್ಟರ ಹೋಗಿಬಿಡ್ತಿ ಅಂತ ಅಂಜಿಕಿ. ಆದ್ರ ಕೀಲಿ ಹಾಕಿ ಕೂಡ್ರಿಸಿಕೊಂಡರ ಅದೇನು ಮನಿ ಆತು? ಆ ಶಬ್ದ ಹಾಕಸ್ತೀನಿ."

ಶಾಕಿರಾ ಅವತ್ತೇ ಬಂದು ಹಾಕಿದಳು.

ಆ ವಾರ ದೊಡ್ಡ ತಂಡವೊಂದು ಬಂತು. ಪಟ್ಟಿ ತಯಾರಿಸುವವರಂತೆ, ಅಧಿಕಾರಿಗಳಂತೆ. ಕೋಣೆ ತುಂಬಿ ಪಡಸಾಲೆಯವರೆಗೆ ನಿಂತರು. ದೀಪಗಳನ್ನು ಹಚ್ಚಿದರು. ಒಬ್ಬಾತ ಅವಳ ಗಲ್ಲ ಹಿಡಿದು ಕ್ಯಾಮೆರಾದ ಕಡೆ ತಿರುಗಿಸಿ, "ಮೇಡಂ, ಈ ಸಾಧನ ನಿಮಗೆ ಹೊಸ ಬದುಕು ಕೊಟ್ಟಿದೆ ಅಲ್ಲವೇ? ಒಂದು ಹೌದು ಹೇಳಿ" ಎಂದ.

ಬುಟ್ಟಿ ಎಡಕ್ಕೆ ಹೋಗಲಿಲ್ಲ. ಬಲಗೋಡೆಗೆ ಬಡಿದು ಮರಳಲೂ ಇಲ್ಲ. ಮೆಲ್ಲಗೆ ಬಲ ಮೂಲೆಗೆ ಸರಿದು ಅಲ್ಲೇ ನಿಂತಿತು. ಪರದೆಯ ಮೇಲೆ ಎರಡು ಅಕ್ಷರ ಮೂಡಿದವು. ಸಾಕು. ಪರದೆ ಕಪ್ಪಾಯಿತು.

ಗಲ್ಲ ಹಿಡಿದಾತ ಕೈ ತೆಗೆದ. ಚನ್ನವೀರನ ಮುಖ ಬಿಳಿಚಿಕೊಂಡಿತ್ತು. ಆದರೂ ಅವನು ಬಾಗಿಲು ತೋರಿಸಿ, "ಹೊರಗ ನಡೀರಿ," ಎಂದ. "ಆಕಿ ಹೇಳ್ಯಾಳ. ನಡೀರಿ ಎಲ್ಲಾರೂ."

ಎಲ್ಲರೂ ಹೋದ ಮೇಲೆ, ದೀಪಗಳ ಬಿಸಿ ಆರಿದ ಮೇಲೆ, ಅವನು ಮಂಚದ ಅಂಚಿನಲ್ಲಿ ಕೂತ. ಶಾಕಿರಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಪರದೆಯನ್ನು ಮತ್ತೆ ಹೊತ್ತಿಸಲು ಅವನಿಗೆ ಧೈರ್ಯ ಬರಲಿಲ್ಲ. ಕೊನೆಗೆ ತಾನೇ ಗುಂಡಿ ಒತ್ತಿದ.

"ನೀಲಾ. ಆ ಮಂದಿ ಸಾಕಾಗಿತ್ತೊ, ಎಲ್ಲಾ ಸಾಕಾಗೇತೊ? ಏನಿದ್ರೂ ಹೇಳು. ಕೇಳ್ತೀನಿ."

ಅಕ್ಷರಗಳು ಇಳಿಯತೊಡಗಿದವು. ಅ ಇಳಿಯಿತು, ಬುಟ್ಟಿ ಬಿಟ್ಟುಕೊಟ್ಟಿತು. ಆ ಹೋಯಿತು. ಇ ಬಂದಾಗ ಬುಟ್ಟಿ ಅದರ ಕೆಳಗೆ ಬಂದು ನಿಂತಿತು. ಚನ್ನವೀರ ಪರದೆಗೆ ಬಾಗಿದ. ಅದರಿಂದ ಶುರುವಾಗುವ ಮಾತು ಏನು ಬೇಕಾದರೂ ಆಗಬಹುದಿತ್ತು. ಕ, ಗ, ಚ, ಎಲ್ಲ ಒಂದೊಂದಾಗಿ ಖಾಲಿ ನೆಲಕ್ಕೆ ಬಿದ್ದವು. ಬುಟ್ಟಿ ಕಾಯುತ್ತಿತ್ತು. ವ ಸಿಕ್ಕಿತು. ಮತ್ತೆ ಮೊದಲಿನಿಂದ ಸಾಲು ಶುರುವಾಯಿತು. ಅವಳು ಅವಸರ ಮಾಡಲಿಲ್ಲ. ತ ಹಿಡಿದಳು, ಅದರ ಕೆಳಗೆ ಒತ್ತು ಹಿಡಿದಳು, ಮೇಲೆ ಗುಡಿಸು ಹಿಡಿದಳು. ಕೊನೆಯದಕ್ಕೆ ಅವಳು ಎಷ್ಟು ದಣಿದಿದ್ದಳೆಂದರೆ ಬುಟ್ಟಿ ನಡುಗುತ್ತಿತ್ತು, ಆದರೂ ಗ ತಪ್ಪಿಹೋಗಲಿಲ್ಲ, ಅದರ ಏತ್ವವೂ ತಪ್ಪಲಿಲ್ಲ.

ಚನ್ನವೀರ ಬೆರಳಿಟ್ಟು, ಮಕ್ಕಳು ಓದುವಂತೆ, ಒಂದೊಂದೇ ಅಕ್ಷರ ಕೂಡಿಸಿ ಓದಿದ.

"ಇವತ್ತಿಗೆ."